ಕುಣಿಗಲ್ಲಿನ ಹಿತ್ತಲಿನಲ್ಲಿ ನನ್ನ ಇಂಟರ್‌ನ್ಯಾಷನಲ್ ಆಟ

ಬ್ಯಾಸ್ಕೆಟ್‌ಬಾಲಿನಲ್ಲಿ ನಾನೊಬ್ಬ ಅಂತರರಾಷ್ಟ್ರೀಯ ಆಟಗಾರನಾಗಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗ ನಂಬಿದ್ದರು. ತೊಂದರೆಯಾದದ್ದೇ ಅದರಿಂದ!

ಐವತ್ತರ ದಶಕದಲ್ಲಿ ನಾನು ತುಮಕೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಅಷ್ಟುದ್ದ ಹೆಸರನ್ನು ಯಾರೂ ಪೂರ್ತಿ ಹೇಳುತ್ತಿರಲಿಲ್ಲ; ಎಲ್ಲರ ಬಾಯಲ್ಲೂ ಅದು ಬರೀ ‘ಇಂಟರ್’. ನನ್ನ ಆರಡಿ ಎತ್ತರ ನೋಡಿ ಡ್ರಿಲ್ ಮೇಷ್ಟ್ರು ಕಾಲೇಜಿನ ಟೀಮಿಗೆ ಸೇರಿಸಿಕೊಂಡರು. ಆಟ ನೋಡಿ ಬೆಂಚಿನ ಮೇಲೆ ಕೂರಿಸಿದರು. ಎರಡು ವರ್ಷ ಉಳಿದವರ ಚಪ್ಪಲಿ ಕಾದೆ, ನಿಂಬೆಹಣ್ಣು ಹೆಚ್ಚಿಕೊಟ್ಟೆ. ಒಂದೇ ಒಂದು ಸಲ ಕಣಕ್ಕಿಳಿದು ಒಂದು ಬ್ಯಾಸ್ಕೆಟ್ ಹಾಕಿದ್ದುಂಟು. ನಮ್ಮ ಟೀಮಿನ ಮೇಲೆಯೇ! ಆದರೂ ನೆಂಟರ ಮುಂದೆ ‘ಇಂಟರ್ ಟೀಮಿನಲ್ಲಿದ್ದೀನಿ’ ಎಂದು ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗುಬ್ಬಿಯಲ್ಲಿದ್ದ ನನ್ನ ಸೋದರಮಾವ ಪೇಪರನ್ನು ಒಂದಕ್ಷರ ಬಿಡದೆ ಓದುವವರು. ಬಿ.ಎ. ಎನ್ನುವುದಕ್ಕೆ ಒಂದು ಪೂರ್ತಿ ಹೆಸರಿರುವಂತೆ ‘ಇಂಟರ್’ಗೂ ಇರಲೇಬೇಕೆಂದು ಯೋಚಿಸಿ, ಅದು ‘ಇಂಟರ್‌ನ್ಯಾಷನಲ್’ ಎಂದು ತಾವೇ ತೀರ್ಮಾನ ಮಾಡಿಕೊಂಡಿದ್ದರು. ನಾನು ಓದು ಮುಗಿಸಿ ಗುಮಾಸ್ತನಾದ ಮೇಲೆ ನನಗೆ ಹೆಣ್ಣು ಹುಡುಕಿದವರೂ ಅವರೇ. ಕುಣಿಗಲ್ಲಿನ ಶಾನುಭೋಗರೊಬ್ಬರಿಗೆ ‘ನಮ್ಮ ಹುಡುಗ ಇಂಟರ್‌ನ್ಯಾಷನಲ್ ಪ್ಲೇಯರ್’ ಎಂದು ಹೇಳಿ ಬಂದಿದ್ದರು. ಈ ಸಂಗತಿ ನನಗೆ ತಿಳಿದದ್ದು ಹೆಣ್ಣು ನೋಡಲು ಹೊರಟ ಬಸ್ಸಿನಲ್ಲಿ. ಅಲ್ಲೇ ತಿದ್ದಬೇಕಿತ್ತು. ಆದರೆ ಆ ಮಾತು ಕಿವಿಗೆ ಬಹಳ ಹಿತವಾಗಿತ್ತು. ಯಾರು ಪರೀಕ್ಷೆ ಮಾಡುತ್ತಾರೆ ಬಿಡು ಎಂದುಕೊಂಡು ಸ್ವಲ್ಪ ನೆಟ್ಟಗೆ ಕೂತೆ.

ಹುಡುಗಿಯ ಹೆಸರು ವಿಶಾಲಾಕ್ಷಿ. ಕಾಫಿ ತಂದಿಟ್ಟು ಒಮ್ಮೆ ನನ್ನ ಕಡೆ ನೋಡಿದಳು. ಮದುವೆಯಾದರೆ ಇವಳನ್ನೇ ಎಂದು ನಾನು ಆ ಲೋಟ ಖಾಲಿಯಾಗುವುದರೊಳಗೆ ನಿಶ್ಚಯಿಸಿಬಿಟ್ಟೆ.

ಉಪ್ಪಿಟ್ಟು ಮುಗಿದ ಮೇಲೆ ಹುಡುಗಿಯಿಂದ ಒಂದು ಹಾಡು ಹೇಳಿಸುವುದು ಆಗಿನ ವಾಡಿಕೆ. ಮಾವ ಅದನ್ನೇ ಕೇಳಿದರು. ಶಾನುಭೋಗರು ನಕ್ಕರು.

“ಹಾಡು ಎಲ್ಲರ ಮನೇಲೂ ಇದ್ದದ್ದೇ ಸ್ವಾಮಿ. ಇಂಟರ್‌ನ್ಯಾಷನಲ್ ಆಟ ನಮ್ಮ ಕುಣಿಗಲ್‌ಗೆ ಎಲ್ಲಿ ಬರ್ತದೆ? ಹಿತ್ಲಲ್ಲಿ ಎಲ್ಲಾ ರೆಡಿ ಮಾಡ್ಸಿದೀನಿ, ಬನ್ನಿ.”

ಹಿತ್ತಲಿನ ತೆಂಗಿನ ಮರಕ್ಕೆ ಒಂದು ಹೊಸ ಮಂಕರಿ ಕಟ್ಟಿದ್ದರು. ಅರಿಶಿನ ಕುಂಕುಮವನ್ನೂ ಹಚ್ಚಿದ್ದರು! ಅದಕ್ಕೆ ತಳ ಇರಬಾರದೆಂದು ಮೆಲ್ಲಗೆ ತಿಳಿಸಿದೆ. ತಳವಿಲ್ಲದ ಬುಟ್ಟಿಯನ್ನು ಯಾರಾದರೂ ಬುಟ್ಟಿ ಎನ್ನುತ್ತಾರೆಯೇ ಎಂದು ಅವರು ಕೇಳಿದರು. ಸ್ಕೂಲಿನಿಂದ ಒಂದು ಫುಟ್‌ಬಾಲ್ ತರಿಸಿಟ್ಟಿದ್ದರು. ಗೋಡೆಯಾಚೆ ಅಕ್ಕಪಕ್ಕದ ಮನೆಯವರ ತಲೆಗಳು ಸಾಲಾಗಿ ಕಾಣುತ್ತಿದ್ದವು. ನಾನು ಪಂಚೆಯನ್ನು ಎತ್ತಿ ಕಟ್ಟಿದೆ.

ಮೊದಲನೆಯ ಚೆಂಡು ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಎರಡು ಹೆಂಚು ಒಡೆದವು. ವಿದೇಶದ ಆಟಗಾರರು ಗಾಳಿ ನೋಡಲು ಮೊದಲ ಚೆಂಡನ್ನು ಹೀಗೇ ಬಿಡುತ್ತಾರೆಂದು ಮಾವ ಎಲ್ಲರಿಗೂ ವಿವರಿಸಿದರು. ಎರಡನೆಯದು ಹಸುವಿನ ಬೆನ್ನಿಗೆ ಬಡಿಯಿತು. ಅದು ಹಗ್ಗ ಕಿತ್ತುಕೊಂಡು, ಚಾಪೆಯ ಮೇಲೆ ಒಣಗಲು ಇಟ್ಟಿದ್ದ ಸಂಡಿಗೆಯನ್ನೆಲ್ಲ ತುಳಿದು ಹೋಯಿತು. ಮಾವನ ವಿವರಣೆ ನಿಂತುಹೋಯಿತು. ಮೂರನೆಯದನ್ನು ನಾನು ಕಣ್ಣುಮುಚ್ಚಿ, ಮನೆದೇವರನ್ನು ನೆನೆದು ಎಸೆದೆ. ಅದು ನೇರವಾಗಿ ಬಾವಿಗೆ ಹೋಯಿತು. ಆ ದಿನ ನಾನು ಏನನ್ನಾದರೂ ಸರಿಯಾಗಿ ನಡುವಿಗೆ ಹಾಕಿದ್ದರೆ ಅದೊಂದೇ!

ಬಾವಿಯೊಳಗಿಂದ ದುಡುಮ್ಮೆಂದು ಸದ್ದು ಬಂತು. ನನಗೆ ಅಳು ಬರುವುದೊಂದು ಬಾಕಿ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಇಂಟರ್‌ಮೀಡಿಯೆಟ್, ಬೆಂಚು, ನಿಂಬೆಹಣ್ಣು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟೆ.

“ಏನ್ಲಾ, ಇಂಟರ್ ಅಂದ್ರೆ ಅದಲ್ವೇನ್ಲಾ?” ಎಂದರು ಮಾವ. ಅಲ್ಲಿದ್ದವರಲ್ಲಿ ನಿಜಕ್ಕೂ ಮೋಸಹೋದವರೆಂದರೆ ಅವರೇ.

ಶಾನುಭೋಗರು ಒಡೆದ ಹೆಂಚನ್ನೂ ಸಂಡಿಗೆಯನ್ನೂ ನನ್ನನ್ನೂ ಸರದಿಯಲ್ಲಿ ನೋಡಿದರು. ನಾನು ಚಪ್ಪಲಿ ಹುಡುಕತೊಡಗಿದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ವಿಶಾಲಾಕ್ಷಿಯ ಮಾತು ಕೇಳಿಸಿತು.

“ಅಪ್ಪಾ, ಹಾಡು ಅಂದಿದ್ರೆ ನನ್ನ ಗತಿಯೂ ಹಿಂಗೇ ಆಗ್ತಿತ್ತು. ನಂಗೆ ಒಪ್ಪಿಗೆ ಇದೆ.”

ನಾನು ಉಬ್ಬಿಹೋದೆ. ನನ್ನಂತೆಯೇ ಏನೂ ಬಾರದ ಹೆಣ್ಣು ನನಗೆ ಸಿಕ್ಕಳಲ್ಲ ಎಂದು ತುಮಕೂರಿನವರೆಗೂ ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದೆ. ಮುಂದಿನ ಲಗ್ನದಲ್ಲೇ ಮದುವೆಯೂ ಆಯಿತು.

ಮದುವೆಯಾದ ತಿಂಗಳಿಗೆ ಒಂದು ಸಂಜೆ ಕಚೇರಿಯಿಂದ ಬೇಗ ಬಂದೆ. ನಾನು ಬಂದದ್ದು ಅವಳಿಗೆ ಗೊತ್ತಿಲ್ಲ. ಒಳಗೆ ಅಕ್ಕಿ ಆರಿಸುತ್ತಾ ಹಾಡಿಕೊಳ್ಳುತ್ತಿದ್ದಳು. ಶ್ರುತಿ ಒಂದೆಳೆಯೂ ತಪ್ಪಿರಲಿಲ್ಲ. ಎದುರು ಮನೆಯವರು ಜಗಲಿಗೆ ಬಂದು ಕೂತು ತಲೆದೂಗುತ್ತಿದ್ದರು. ನಾನು ಹೊಸಿಲ ಮೇಲೆ ಕೊಡೆ ಹಿಡಿದುಕೊಂಡು ನಿಂತೇ ಇದ್ದೆ.

ಅಂದರೆ ಕುಣಿಗಲ್ಲಿನಲ್ಲಿ ಅವಳು ಕೊಟ್ಟದ್ದು ಒಪ್ಪಿಗೆಯಲ್ಲ, ಸಮಾಧಾನಕರ ಬಹುಮಾನ!