ಇಪ್ಪತ್ತಕ್ಕೆ ಇಪ್ಪತ್ತು ಸೇರಿಸಿದರೆ ಇಪ್ಪತ್ತಮೂರು

ಅಳತೆಯ ವಿಷಯದಲ್ಲಿ ನನಗೆ ಮೋಸ ಮಾಡುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಆ ಸೋಮವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಾ ನಾನು ಘೋಷಿಸಿದೆ. ಘೋಷಿಸುವ ಹಕ್ಕು ನನಗಿತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್ಸ್‌ಪೆಕ್ಟರ್ ನಾನು. ಬೀದಿಯ ಈ ತುದಿಯಲ್ಲಿ ನನ್ನ ತಲೆ ಕಂಡರೆ ಸಾಕು, ಆ ತುದಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ.

ಘೋಷಣೆಗೆ ಕಾರಣ ನಮ್ಮ ಮನೆಯ ಕಂಪ್ಯೂಟರ್.

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇದ್ದಾರೆ. ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣಿಸುತ್ತಿಲ್ಲ. ಜೀವಮಾನವಿಡೀ ಪುಸ್ತಕ ಹಿಡಿದೇ ಕೂತವರು ಬರಿಗೈಯಲ್ಲಿ ಕೂತಿರುವುದನ್ನು ನೋಡಲಾರದೆ ನನ್ನ ಹೆಂಡತಿ ದಿನಾ ಮಧ್ಯಾಹ್ನ ಅವರಿಗೆ ಕಾದಂಬರಿ ಓದಿ ಹೇಳತೊಡಗಿದಳು. ಓದುತ್ತಾ ಓದುತ್ತಾ ಅವಳ ದನಿಗೊಂದು ಹದ ಬಂತು. "ಇದನ್ನ ನಾನೊಬ್ಬಳೇ ಕೇಳೋದು ಅನ್ಯಾಯ ಕಣೇ" ಎಂದು ಅತ್ತೆಯೇ ಅವಳನ್ನು ದಬ್ಬಿ ಅಂಧರ ಧ್ವನಿ ಗ್ರಂಥಾಲಯಕ್ಕೆ ಅರ್ಜಿ ಹಾಕಿಸಿದರು. ಒಂದು ಕಾದಂಬರಿಯ ಮೊದಲ ಮೂರು ಅಧ್ಯಾಯ ಓದಿ ಕಳಿಸಬೇಕು, ಒಪ್ಪಿಗೆಯಾದರೆ ಇಡೀ ಪುಸ್ತಕ ಅವಳದೇ. ಅವಳು ಕಂಪ್ಯೂಟರಿನ ಮುಂದೆ ಕೂತು ಓದಿದಳು, ರೆಕಾರ್ಡ್ ಮಾಡಿ ಕಳಿಸಿದಳು. ಆ ಸೋಮವಾರ ಗ್ರಂಥಪಾಲಕರ ಫೋನು ಬಂತು.

"ಓದು ಬಹಳ ಚೆನ್ನಾಗಿದೆಯಮ್ಮ. ಆದರೆ ಒಂದು ವಿಷಯ. ಆ ಮನುಷ್ಯ ಮರಳುಗಾಡಿನಲ್ಲಿ ಒಬ್ಬನೇ ನಡೀತಿದಾನೆ, ಸುತ್ತ ಒಂದು ಹುಳದ ಸದ್ದೂ ಇಲ್ಲ ಅಂತ ನೀವೇ ಓದ್ತೀರಿ. ಹಿಂದುಗಡೆ ಹಿಟ್ಟಿನ ಗಿರಣಿ ಓಡ್ತಾ ಇದೆ."

ಗಿರಣಿ ನಮ್ಮ ಕಂಪ್ಯೂಟರಿನದು. ಅದರೊಳಗಿನ ಪ್ರೊಸೆಸರ್ ಬಿಸಿಯಾಗದಂತೆ ಕೂಲರ್ ಎಂಬ ಒಂದು ಪುಟ್ಟ ಫ್ಯಾನು ಗುಂಯ್ ಎಂದು ತಿರುಗುತ್ತಿರುತ್ತದೆ. ಶನಿವಾರ ಸಂಜೆಯೊಳಗೆ ಗಿರಣಿ ಇಲ್ಲದ ಮೂರು ಅಧ್ಯಾಯ ಬರಬೇಕು, ಇಲ್ಲವಾದರೆ ಪುಸ್ತಕ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ ಎಂದರು ಅವರು.

ಹೆಂಡತಿ ಫೋನ್ ಇಟ್ಟು ಸುಮ್ಮನೆ ಕಿಟಕಿ ನೋಡುತ್ತಾ ನಿಂತಳು. ಅವಳು ಬೈದರೆ ನಾನು ತಡೆದುಕೊಳ್ಳುತ್ತೇನೆ, ಸುಮ್ಮನಾದರೆ ಆಗುವುದಿಲ್ಲ. ಅರ್ಧ ಗಡ್ಡದಲ್ಲೇ ಹೊರಬಂದು ಹೇಳಿದೆ: "ಸದ್ದು ಮಾಡದ ಕೂಲರ್ ತಂದು ಹಾಕ್ತೀನಿ. ಗುರುವಾರದೊಳಗೆ ನಿನ್ನ ಮರಳುಗಾಡು ಮರಳುಗಾಡಿನ ಹಾಗೇ ಇರುತ್ತೆ."

"ರೀ, ತಿಳಿದವರನ್ನ ಕರೆಸೋಣ."

"ನನಗಿಂತ ತಿಳಿದವರಾ?"

ಅವಳು ಅಡುಗೆಮನೆಗೆ ನಡೆದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಮಂಗಳವಾರ ಆಫೀಸು ಮುಗಿಸಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗೆ ಹೋದೆ. ಕನ್ನಡಕವನ್ನು ಹಣೆಯ ಮೇಲೇರಿಸಿ, ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಗಲ್ಲಾದಲ್ಲಿದ್ದಳು. ಅಂಗಡಿ ಅವಳದೇ.

"ಸದ್ದಿಲ್ಲದ ಕೂಲರ್ ಒಂದು ಕೊಡಿ" ಎಂದೆ, ಒಂದು ಸೋಪು ಕೊಡಿ ಎನ್ನುವ ಹಾಗೆ.

"ಯಾವ ಪ್ರೊಸೆಸರ್ ಸಾರ್?"

"ಕಂಪ್ಯೂಟರಿನದು."

"ಎಷ್ಟು ವಾಟ್ ಬಿಸಿ ಆಗುತ್ತೆ?"

"ಮುಟ್ಟಿ ನೋಡಿಲ್ಲ."

"ಕ್ಯಾಬಿನೆಟ್ ಒಳಗೆ ಎಷ್ಟು ಎತ್ತರದ್ದು ಹಿಡಿಸುತ್ತೆ?"

"ಅದು ಕಪ್ಪು ಬಣ್ಣದ್ದು" ಎಂದೆ. ಏನಾದರೂ ಒಂದು ಖಚಿತವಾಗಿ ಹೇಳಬೇಕಲ್ಲ.

ಅವಳು ನಿಟ್ಟುಸಿರು ಬಿಡಲಿಲ್ಲ. ಅಷ್ಟು ಸೌಜನ್ಯ ಅವಳಲ್ಲಿತ್ತು. ಎರಡು ಕೂಲರ್ ತಂದು ಮುಂದಿಟ್ಟಳು. ಒಂದು ನನ್ನ ಮುಷ್ಟಿಯಷ್ಟು. ಇನ್ನೊಂದು ಅಲ್ಯೂಮಿನಿಯಂ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಪುರ, ಪಕ್ಕದಲ್ಲಿ ಊಟದ ತಟ್ಟೆಗೆ ಸ್ವಲ್ಪ ಚಿಕ್ಕದಾದ ಫ್ಯಾನು.

"ಸದ್ದು ಕಡಿಮೆ ಬೇಕು ಅಂದ್ರೆ ದೊಡ್ಡದು ತಗೊಳ್ಳಿ" ಎಂದಳು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ಬರುತ್ತದಂತೆ, ಚಿಕ್ಕದು ಅಷ್ಟೇ ಗಾಳಿಗೆ ಪ್ರಾಣ ಬಿಟ್ಟು ಓಡಬೇಕಂತೆ. ನನ್ನ ತಲೆ ಅಲ್ಲಿಂದಲೇ ಗಿರಗಿರ ಎಂದಿತು. ನಮ್ಮ ಆಫೀಸಿನಲ್ಲಂತೂ ದೊಡ್ಡವರಾದಷ್ಟೂ ಸದ್ದು ಜಾಸ್ತಿ, ಗಾಳಿ ಮಾತ್ರ ಚಿಕ್ಕವರೇ ಬೀಸಬೇಕು.

"ಇದಕ್ಕೆ ಒಂದು ಫ್ಯಾನು, ಅದರ ಸದ್ದಿನ ಅಳತೆ ಇಪ್ಪತ್ತು ಡೆಸಿಬಲ್. ಇನ್ನೊಂದು ಅಂಥದ್ದೇ ಫ್ಯಾನು ಸೇರಿಸಿದ್ರೆ ಇಪ್ಪತ್ತಮೂರು ಆಗುತ್ತೆ."

ನಾನು ಕಿವಿ ಕೊಡವಿಕೊಂಡೆ. "ಇಪ್ಪತ್ತಕ್ಕೆ ಇಪ್ಪತ್ತು ಸೇರಿಸಿದ್ರೆ ನಲವತ್ತು."

"ಸದ್ದಿನಲ್ಲಿ ಇಪ್ಪತ್ತಮೂರು ಸಾರ್. ಡೆಸಿಬಲ್ ಲೆಕ್ಕವೇ ಹಾಗೆ, ಸದ್ದು ಎರಡರಷ್ಟಾದ್ರೆ ಮೂರೇ ಏರುತ್ತೆ."

ಓದುಗರೇ, ನನ್ನ ಸ್ಥಿತಿ ಊಹಿಸಿ. ಇಪ್ಪತ್ತಕ್ಕೆ ಇಪ್ಪತ್ತು ಸೇರಿಸಿ ಇಪ್ಪತ್ತಮೂರು ಎನ್ನುವ ಅಂಗಡಿಗೆ ಬೀಗ ಹಾಕಿಸುವುದೇ ನನ್ನ ಉದ್ಯೋಗ. ಕೈ ತಾನಾಗಿಯೇ ಜೇಬಿನಲ್ಲಿದ್ದ ನೋಟಿಸ್ ಪುಸ್ತಕದ ಕಡೆ ಹೋಯಿತು. ಆದರೆ ಆಕೆಯ ಮುಖದಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ಅಷ್ಟು ಪ್ರಾಮಾಣಿಕವಾಗಿ ತಪ್ಪು ಲೆಕ್ಕ ಹೇಳುವವರನ್ನು ನಾನು ಕಂಡಿರಲಿಲ್ಲ. ಅಳತೆ ತರುತ್ತೇನೆಂದು ಹೇಳಿ ಹೊರಬಿದ್ದೆ.

ಮನೆಗೆ ಬಂದವನೇ ಟೇಪು ಹಿಡಿದು ಕ್ಯಾಬಿನೆಟ್ಟಿನ ಅಗಲ ಅಳೆದೆ. ಈ ಮೈಯಿಂದ ಆ ಮೈಗೆ ಸರಿಯಾಗಿ ಇನ್ನೂರು ಮಿಲಿಮೀಟರ್. ಗೋಪುರದ ಎತ್ತರ ನೂರ ಅರವತ್ತೈದು. ಮೂವತ್ತೈದು ಮಿಲಿಮೀಟರ್ ಧಾರಾಳ.

"ಒಳಗಡೆ ಅಳೀಬೇಕಲ್ವಾ?" ಎಂದಳು ಹೆಂಡತಿ.

"ನೀನು ನನಗೆ ಅಳತೆ ಹೇಳಿಕೊಡ್ತೀಯಾ?"

"ಇಲ್ಲಪ್ಪ" ಎಂದು ಅವಳು ಹೋದಳು.

ಬುಧವಾರ ಗೋಪುರ ಕೊಂಡೆ. ಅಂಗಡಿಯಾಕೆ ಬೂದು ಬಣ್ಣದ ಪೇಸ್ಟಿನ ಟ್ಯೂಬು ಕೊಟ್ಟು, "ಪ್ರೊಸೆಸರ್ ಮೇಲೆ ಬಟಾಣಿ ಕಾಳಿನಷ್ಟು ಹಾಕಿ, ಬಿಸಿ ಕೂಲರಿಗೆ ಸರಿಯಾಗಿ ದಾಟುತ್ತೆ" ಎಂದಳು. ಕೊನೆಗೆ ಇನ್ನೊಂದು ಮಾತು: "ಹಳೇ ಕೂಲರ್ ತೆಗೆಯೋ ಮುಂಚೆ ಕಂಪ್ಯೂಟರ್ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ. ಆಮೇಲೆ ಕರೆಂಟ್ ತೆಗೆದು, ಬಿಸಿ ಇರುವಾಗಲೇ ಮೆಲ್ಲಗೆ ತಿರುವಿ ತೆಗೀರಿ. ಎಳೀಬೇಡಿ."

ತಂಪು ಮಾಡಲು ಹೊರಟವನಿಗೆ ಬಿಸಿ ಮಾಡು ಎನ್ನುತ್ತಾಳಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಇಪ್ಪತ್ತಮೂರರ ಲೆಕ್ಕದವಳ ಮಾತು. ನಾನು ಬುದ್ಧಿವಂತನಾಗಿ ಕಂಪ್ಯೂಟರನ್ನು ಬುಧವಾರ ಸಂಜೆಯೇ ಆರಿಸಿ, ಚೆನ್ನಾಗಿ ತಣ್ಣಗಾಗಲು ಬಿಟ್ಟೆ.

ಗುರುವಾರ ರಜೆ ಹಾಕಿದೆ. ಕ್ಯಾಬಿನೆಟ್ಟನ್ನು ಮಂಚದ ಮೇಲೆ ಮಲಗಿಸಿ ಬಾಗಿಲು ಬಿಚ್ಚಿದೆ. ಮೊದಲ ಸ್ಕ್ರೂ ಕೈಜಾರಿ ಬಿತ್ತು.

"ಮಂಚದ ಕೆಳಗೆ ಹೋಯ್ತು ಅಳಿಯಂದ್ರೇ, ಕಿಟಕಿ ಕಡೆ ಕಾಲಿನ ಹತ್ತಿರ" ಎಂದರು ಪಕ್ಕದ ಕೋಣೆಯಿಂದ ಅತ್ತೆ. ತೆವಳಿಕೊಂಡು ಹೋಗಿ ನೋಡಿದರೆ ಅಲ್ಲೇ ಇತ್ತು. ಕಣ್ಣಿಲ್ಲದವರೆದುರು ಯಾವ ತಪ್ಪನ್ನೂ ಮುಚ್ಚಿಡಲಾಗುವುದಿಲ್ಲ ಎಂಬುದು ನನಗೆ ಆವತ್ತು ಗೊತ್ತಾಯಿತು.

ಹಳೆಯ ಕೂಲರಿನ ಕೊಂಡಿ ಬಿಚ್ಚಿ ಎತ್ತಿದೆ. ಬರಲಿಲ್ಲ. ತಣ್ಣಗಾದ ಹಳೆಯ ಪೇಸ್ಟು ಅದನ್ನು ಪ್ರೊಸೆಸರಿಗೆ ಕಚ್ಚಿಸಿಬಿಟ್ಟಿತ್ತು. ಮಂಡಿಯನ್ನು ಮಂಚಕ್ಕೆ ಕೊಟ್ಟು ಎಳೆದೆ. ಟಪ್ಪೆಂದು ಬಂತು. ಒಂಟಿಯಾಗಿ ಬರಲಿಲ್ಲ, ಪ್ರೊಸೆಸರನ್ನೂ ಬೇರುಸಮೇತ ಕಿತ್ತುಕೊಂಡು ಬಂತು. ಅದರ ಅಡಿಯಲ್ಲಿ ಕೂದಲಿನಷ್ಟು ತೆಳುವಾದ ಸಾವಿರಾರು ಕಾಲುಗಳು. ಒಂದು ಮೂಲೆಯ ಕಾಲುಗಳು ಗಾಳಿಗೆ ಬಿದ್ದ ಪೈರಿನಂತೆ ಒರಗಿದ್ದವು. ಶಾಖ ಕಳೆಯಲು ಹೊರಟವನಿಗೆ ಶಾಕ್ ಹೊಡೆಯಿತು.

"ಅದೇನೋ ಕಿತ್ತ ಸದ್ದಾಯ್ತಲ್ಲ" ಎಂದರು ಅತ್ತೆ.

"ಏನಿಲ್ಲ ಅತ್ತೆ, ಕೆಲಸ ಮುಂದುವರೀತಾ ಇದೆ."

ಹಳೆಯ ಕೂಲರನ್ನು ಬಿಡಿಸಿ, ಪ್ರೊಸೆಸರನ್ನು ಅದರ ಗೂಡಿನಲ್ಲಿಟ್ಟು, ಹೆಬ್ಬೆರಳಿನಿಂದ 'ಸ್ವಲ್ಪ' ಒತ್ತಿದೆ. ಕೂತಂತೆ ಕಂಡಿತು. ಇನ್ನು ಪೇಸ್ಟು. ಬಟಾಣಿ ಹಸಿಯದೋ ಒಣಗಿದ್ದೋ ಅವಳು ಹೇಳಿರಲಿಲ್ಲ. ಅನುಮಾನವಿದ್ದಾಗ ಗಿರಾಕಿಗೆ ಲಾಭವಾಗುವಂತೆ ತೂಗಬೇಕು ಎಂಬುದು ನಮ್ಮ ಇಲಾಖೆಯ ಪಾಠ. ಟ್ಯೂಬು ಹಿಂಡಿದೆ, ಪೂರ್ತಿ ಬಂತು. ಹೆಚ್ಚಾದದ್ದನ್ನು ಬೆರಳಲ್ಲಿ ತೆಗೆದೆ. ಬೆರಳಿನಿಂದ ಅಂಗಿಗೆ ಹೋಯಿತು, ಅಂಗಿಯಿಂದ ದಿಂಬಿಗೆ, ದಿಂಬಿನಿಂದ ಕನ್ನಡಕಕ್ಕೆ. ಕನ್ನಡಕ ಒರೆಸಲು ಕಿಟಕಿಯ ಪರದೆ ಹಿಡಿದೆ. ಅರ್ಧ ಗಂಟೆಯಲ್ಲಿ ಬಾಗಿಲ ಚಿಲಕ, ನಲ್ಲಿ, ಫೋನು ಎಲ್ಲವೂ ಬೂದು ಬಳಿದುಕೊಂಡು ನಿಂತವು.

ಗೋಪುರವನ್ನು ನಿಲ್ಲಿಸಿ, ತಂತಿ ಸಿಕ್ಕಿಸಿ, ಬಾಗಿಲು ಮುಚ್ಚಲು ಹೋದೆ. ಮುಚ್ಚಲಿಲ್ಲ. ಗೋಪುರದ ತಲೆ ಹತ್ತು ಮಿಲಿಮೀಟರ್ ಹೊರಗೆ ಇಣುಕುತ್ತಿತ್ತು. ಅಳೆದಾಗ ಇನ್ನೂರಿದ್ದ ಕ್ಯಾಬಿನೆಟ್ಟು ಕುಗ್ಗಿದ್ದು ಹೇಗೆ? ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು: ಪ್ರೊಸೆಸರ್ ಆ ಬದಿಯ ಗೋಡೆಗೆ ಅಂಟಿಕೊಂಡಿಲ್ಲ, ಒಳಗಿನ ಹಲಗೆಯ ಮೇಲೆ ಕೂತಿದೆ. ಲೆಕ್ಕ ಅಲ್ಲಿಂದ ಹಿಡಿಯಬೇಕಿತ್ತು. ಇದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ಬಾಗಿಲಿಲ್ಲದೆಯೇ ಗುಂಡಿ ಒತ್ತಿದೆ.

ದೀಪ ಹೊತ್ತಿತು. ತಟ್ಟೆಯಂಥ ಫ್ಯಾನು ರಾಜಗಾಂಭೀರ್ಯದಿಂದ ತಿರುಗಿತು. ಸದ್ದು? ಎಳ್ಳಷ್ಟೂ ಇಲ್ಲ. ಹೆಂಡತಿಯನ್ನು ಕೂಗಿ ಕರೆದೆ.

"ಏನಾದ್ರೂ ಕೇಳಿಸ್ತಾ?"

ಅವಳು ತಲೆ ಬಾಗಿಸಿ ಆಲಿಸಿದಳು. "ಇಲ್ಲ ರೀ. ನಿಜವಾಗ್ಲೂ ಏನೂ ಇಲ್ಲ."

"ನೋಡಿದ್ಯಾ?"

"ಕಂಪ್ಯೂಟರ್ ಪರದೆ ಮೇಲೂ ಏನೂ ಇಲ್ವಲ್ಲ."

ಪರದೆ ಕಪ್ಪಗಿತ್ತು. ಹತ್ತು ನಿಮಿಷ ಕಾದೆವು. ಹೊಸ ತಂಪಿಗೆ ಒಗ್ಗಿಕೊಳ್ಳುತ್ತಿರಬಹುದು ಎಂದೆ. ಅವಳು ನನ್ನ ಬೂದು ಮೂಗನ್ನು ನೋಡಿದಳು, ದಿಂಬು ನೋಡಿದಳು, ಪರದೆ ನೋಡಿದಳು. "ಊಟ ಮಾಡಿ ಬನ್ನಿ" ಎಂದಳು, ಬಹಳ ಮೆಲ್ಲಗೆ.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಬಾಗಿಲಿಲ್ಲದ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅಂಗಡಿಗೆ ಹೋದೆ. ಅಂಗಡಿಯಾಕೆ ಕೂಲರನ್ನು ತಿರುವಿ ತೆಗೆದು, ಪೇಸ್ಟು ಒರೆಸಿ ಒರೆಸಿ ಸಾಕಾಗಿ, ಕೊನೆಗೆ ಪ್ರೊಸೆಸರನ್ನು ಭೂತಗನ್ನಡಿಯ ಕೆಳಗಿಟ್ಟಳು.

"ಹದಿನೇಳು ಕಾಲು ಬಾಗಿದೆ. ಬಿಸಿ ಮಾಡಿ ತೆಗೆದ್ರಾ?"

"ತಣ್ಣಗೆ ಮಾಡಿ ತೆಗೆದೆ."

"ಒಳಗಡೆ ಅಳತೆ ನೋಡಿದ್ರಾ?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಒಂದೊಂದೇ ಕಾಲು ಸೂಜಿಯಲ್ಲಿ ನೆಟ್ಟಗೆ ಮಾಡ್ಬೇಕು, ಗಿಡ್ಡದೊಂದು ಕೂಲರ್ ತರಿಸ್ಬೇಕು. ಬುಧವಾರ ಬನ್ನಿ" ಎಂದಳು. ಆಮೇಲೆ ಸಮಾಧಾನಕ್ಕೆಂಬಂತೆ ಕೇಳಿದಳು: "ತಾವು ಏನು ಕೆಲಸ ಮಾಡೋದು ಸಾರ್?"

"ಸರ್ಕಾರಿ ಕೆಲಸ" ಎಂದಷ್ಟೇ ಹೇಳಿದೆ.

ಬುಧವಾರ! ಕೊನೆಯ ದಿನ ನಾಳೆಯೇ. ಕ್ಯಾಬಿನೆಟ್ಟನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತದೆ ನಡೆದುಕೊಂಡೇ ಮನೆಗೆ ಹೊರಟೆ. ಅವಳಿಗೆ ಏನು ಹೇಳುವುದೆಂದು ದಾರಿಯಲ್ಲಿ ನಾಲ್ಕು ವಾಕ್ಯ ಕಟ್ಟಿದೆ, ನಾಲ್ಕರಲ್ಲೂ ತಪ್ಪು ಅಂಗಡಿಯವಳದೇ ಆಗುತ್ತಿತ್ತು. ಮನೆ ಹತ್ತಿರವಾಗುತ್ತಾ ನಾಲ್ಕನ್ನೂ ಬಿಸಾಡಿದೆ. ಅಮ್ಮನಿಗಾಗಿ ಓದಲು ಶುರು ಮಾಡಿದವಳು, ಯಾವತ್ತೂ ಯಾವುದಕ್ಕೂ ಆಸೆ ಪಟ್ಟವಳಲ್ಲ. ಒಂದಕ್ಕೆ ಪಟ್ಟಳು, ಅದನ್ನು ನಾನು ಹೆಬ್ಬೆರಳಿನಿಂದ ಒತ್ತಿ ಮುಗಿಸಿದ್ದೆ.

ಬಾಗಿಲು ತೆರೆದಿತ್ತು. ಕೋಣೆಯಲ್ಲಿ ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ನನ್ನ ಹೆಜ್ಜೆ ಕೇಳಿದ್ದೇ ತುಟಿಯ ಮೇಲೆ ಬೆರಳಿಟ್ಟು, "ಶ್" ಎಂದರು. ಹೆಂಡತಿ ಎಲ್ಲೂ ಕಾಣಲಿಲ್ಲ. ಆದರೆ ಬಟ್ಟೆಯ ಬೀರುವಿನ ಒಳಗೆ, ಅವಳದೇ ದನಿಯಲ್ಲಿ, ಯಾರೋ ಮರಳುಗಾಡಿನಲ್ಲಿ ನಡೆಯುತ್ತಿದ್ದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಮರಳುಗಾಡಿನ ಮನುಷ್ಯನಿಗೆ ಕೊನೆಗೂ ನೀರು ಸಿಕ್ಕಿತು. ನನ್ನ ಕಣ್ಣಲ್ಲೂ ಸ್ವಲ್ಪ ಬಂತು.

ಬೀರುವಿನ ಬಾಗಿಲು ತೆರೆಯಿತು. ಕಂಬಳಿ, ಕೋಟು, ನನ್ನ ಹಳೆಯ ಸ್ವೆಟರುಗಳ ನಡುವೆ, ಪುಸ್ತಕವನ್ನೂ ಫೋನನ್ನೂ ಹಿಡಿದು, ಬೆವರಿನಲ್ಲಿ ತೊಯ್ದ ಹೆಂಡತಿ ಕೂತಿದ್ದಳು.

"ಮೂರನೇ ಅಧ್ಯಾಯದ ರೆಕಾರ್ಡಿಂಗೂ ಫೋನಲ್ಲೇ ಮುಗೀತು" ಎಂದಳು.

"ಯಾವಾಗ ಶುರು ಮಾಡಿದೆ?"

"ಬುಧವಾರ. ನೀವು ಆಫೀಸಿಗೆ ಹೋದ ಮೇಲೆ. ಬಟ್ಟೆ ಇರೋ ಕಡೆ ದನಿ ಗುಂಯ್‌ಗುಡಲ್ಲ ಅಂತ ಅಮ್ಮ ಹೇಳಿದ್ರು. ಹೊರಗಿನ ಸದ್ದೂ ಬರಲ್ಲ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಅವಳು ಹಣೆ ಒರೆಸಿಕೊಂಡಳು. "ಕೂಲರ್ ತಂದ ದಿನ ನಿಮ್ಮ ಮುಖ ನೀವು ನೋಡ್ಕೊಂಡಿಲ್ಲ. ಹೇಳೋಕೆ ಮನಸ್ಸು ಬರಲಿಲ್ಲ ರೀ."

ನಾನು ಅವಳ ಮುಂದೆ ನೆಲದ ಮೇಲೇ ಕೂತು ಹದಿನೇಳು ಕಾಲುಗಳ ಕಥೆಯನ್ನೂ ಹತ್ತು ಮಿಲಿಮೀಟರಿನ ಕಥೆಯನ್ನೂ ಒಂದೂ ಬಿಡದೆ ಒಪ್ಪಿಸಿದೆ. ಮೊದಲು ನಕ್ಕವರು ಅತ್ತೆ.

ಸೋಮವಾರ ಬೆಳಿಗ್ಗೆ ಗ್ರಂಥಪಾಲಕರ ಫೋನು ಬಂತು. ಹೆಂಡತಿ ಸ್ಪೀಕರ್ ಹಾಕಿ ಅಮ್ಮನ ಪಕ್ಕ ಇಟ್ಟಳು. ನಾನು ಕಿಟಕಿಯ ಪರದೆಯ ಮೇಲಿನ ಬೂದು ಕಲೆ ಉಜ್ಜುತ್ತಿದ್ದೆ.

"ಇಡೀ ಪುಸ್ತಕ ನಿಮ್ಮದೇ ಅಮ್ಮ" ಎಂದರು ಅವರು. ಅತ್ತೆ ಮಗಳ ಕೈ ಹುಡುಕಿ ಹಿಡಿದುಕೊಂಡರು. "ಎಂಥಾ ನಿಶ್ಶಬ್ದ! ಒಂದೇ ವಾರದಲ್ಲಿ ಅಷ್ಟು ಸದ್ದಿಲ್ಲದ ಕಂಪ್ಯೂಟರ್ ಎಲ್ಲಿ ಸಿಕ್ತು?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಬೇಡ ಎಂದು ಕೈ ಮುಗಿದೆ.

"ಕಂಪ್ಯೂಟರ್ ಹಳೇದೇ ಸಾರ್. ನಮ್ಮ ಯಜಮಾನ್ರು ರಿಪೇರಿ ಮಾಡಿದ್ರು. ಆವತ್ತಿಂದ ಅದು ಉಸಿರೇ ಎತ್ತಿಲ್ಲ."

ಆ ಕಡೆಯಿಂದ ಭಕ್ತಿ ತುಂಬಿದ ದನಿ ಬಂತು:

"ನಮ್ಮಲ್ಲೂ ಎಂಟು ಕಂಪ್ಯೂಟರ್ ಇವೆಯಮ್ಮ, ಎಲ್ಲಾ ಗಿರಣಿಗಳೇ. ಅವರನ್ನ ಒಂದು ದಿನ ಕಳಿಸಿಕೊಡ್ತೀರಾ?"