ಹನ್ನೊಂದನೇ ಬಾಟಲಿ

ಆವಿ ಮಾವ ಮಾಡಿದ ತಪ್ಪು ಇಷ್ಟೇ: ಬಾಟಲಿಯ ಮೇಲೆ ಚೀಟಿ ಅಂಟಿಸಲಿಲ್ಲ.

ಅವರು ಅಲ್ಲಿ ಯಾರಿಗೂ ಮಾವನಲ್ಲ; ಸೂಕ್ಷ್ಮಜೀವಿ ಪ್ರಯೋಗಾಲಯದ ಅಟೆಂಡರು. ಗಾಜಿನ ಸಾಮಾನನ್ನೆಲ್ಲ ದೊಡ್ಡ ಆವಿಯ ಡಬ್ಬಿಯಲ್ಲಿ ಬೇಯಿಸಿ ಶುದ್ಧ ಮಾಡಿ ಕೊಡುವುದು ಅವರ ಕೆಲಸ. ಆ ಹೆಸರು ಅದರಿಂದ ಬಂದದ್ದು. ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆಕೆ ಮಣಿಕಟ್ಟಿಗೆ ಹಚ್ಚಿಕೊಳ್ಳುತ್ತಿದ್ದ ಸುಗಂಧದೆಣ್ಣೆ ಹೆಬ್ಬೆರಳ ಗಾತ್ರದ ಬಾಟಲಿಯಲ್ಲಿ ತಳ ಮುಚ್ಚುವಷ್ಟು ಉಳಿದಿತ್ತು. ಸೆಕೆಗೆ ಅದು ಆರಿಹೋದೀತೆಂದು ಹೆದರಿ ಮಾವ ಅದನ್ನು ಪ್ರಯೋಗಾಲಯದ ಫ್ರಿಜ್ಜಿನ ಮೂಲೆಯಲ್ಲಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಯಾರೂ ಬರುವ ಮುಂಚೆ ಮುಚ್ಚಳ ತೆಗೆದು ಒಂದೇ ಒಂದು ಸಲ ಮೂಸುವುದು, ತಿರುಗಿ ಬಿಗಿಯಾಗಿ ಮುಚ್ಚುವುದು. ಎರಡನೇ ಸಲ ಮೂಸಿದರೆ ನಾಳೆಯ ಪಾಲು ಕಡಿಮೆಯಾಗುತ್ತದೆ ಎಂದು ಅವರ ನಂಬಿಕೆ. ಅದು ಯಾವ ಎಣ್ಣೆ, ಆಕೆ ಎಲ್ಲಿಂದ ತರುತ್ತಿದ್ದಳು ಎಂದು ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸುವ ಹೊತ್ತಿಗೆ ಹೇಳುವವಳು ಇರಲಿಲ್ಲ.

ಚೀಟಿ ಅಂಟಿಸದಿದ್ದಕ್ಕೂ ಕಾರಣವಿತ್ತು. ‘ಇಲ್ಲಿ ಸ್ವಂತ ವಸ್ತುಗಳನ್ನು ಇಡಕೂಡದು’ ಎಂಬ ಸೂಚನೆ ಫ್ರಿಜ್ಜಿನ ಬಾಗಿಲ ಮೇಲಿತ್ತು. ಅದನ್ನು ಅಂಟಿಸಿದವರು ಸ್ವತಃ ಮಾವನೇ.

ಅಂದು ಬಸ್ಸು ತಡವಾಗಿ, ಮಾವ ಬರುವಷ್ಟರಲ್ಲಿ ಎಲ್ಲರೂ ಬಂದಾಗಿತ್ತು. ಬಂದವರು ಸುಮ್ಮನೆ ಕೂತಿರಲಿಲ್ಲ; ಒಂದು ಗಾಜಿನ ತಟ್ಟೆಯ ಸುತ್ತ ಕೂಸು ನೋಡಲು ಬಂದ ನೆಂಟರ ಹಾಗೆ ಮುಗಿಬಿದ್ದಿದ್ದರು. ಸಂಶೋಧನೆಯ ಹುಡುಗಿ ಹನ್ನೊಂದು ಗಿಡಗಳ ಎಣ್ಣೆ ತರಿಸಿ, ಯಾವುದು ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ನೋಡುತ್ತಿದ್ದಳು. ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಹಿಂದಿನ ದಿನವೇ ಬ್ಯಾಕ್ಟೀರಿಯಾ ಹರಡಿದ ತಟ್ಟೆಗಳ ಮೇಲಿಟ್ಟು ಹೋಗಿದ್ದಳು. ಲವಂಗ, ನೀಲಗಿರಿ, ನಿಂಬೆಹುಲ್ಲು ಎಲ್ಲವೂ ತಮ್ಮ ಸುತ್ತ ಒಂದೊಂದು ಪುಟ್ಟ ವೃತ್ತದಷ್ಟು ಜಾಗವನ್ನು ಬೋಳು ಮಾಡಿದ್ದವು. ಹನ್ನೊಂದನೆಯದು ಮಾತ್ರ ಅಂಗಳ ಗುಡಿಸಿದ ಹಾಗೆ ಅರ್ಧ ತಟ್ಟೆಯನ್ನೇ ಸ್ವಚ್ಛ ಮಾಡಿತ್ತು.

“ಇದು ಯಾವ ಗಿಡದ್ದಮ್ಮ?” ಎಂದು ವಿಭಾಗದ ಮುಖ್ಯಸ್ಥೆ ಮೇಡಂ ಕೇಳಿದರು.

ಚೀಟಿ ಬಿದ್ದುಹೋಗಿದೆ, ಪಟ್ಟಿ ನೋಡಿ ಹೇಳುತ್ತೇನೆ ಎಂದು ಹುಡುಗಿ ಬಾಟಲಿಯನ್ನು ಎತ್ತಿ ಹಿಡಿದಳು. ಅದು ಮೂಲೆಯಲ್ಲಿ ಮಾವ ಇಟ್ಟಿದ್ದ ಬಾಟಲಿಯೇ. ಮಾವ ಬಾಯಿ ತೆರೆದರು, ಬಾಗಿಲ ಮೇಲಿನ ಸೂಚನೆ ಕಣ್ಣಿಗೆ ಬಿತ್ತು, ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಅಷ್ಟರಲ್ಲಿ ಎಲ್ಲಾ ಬಲ್ಲ ಗುಮಾಸ್ತರು ಬಂದರು. ಕಚೇರಿಯಲ್ಲಿ ಏನೇ ನಡೆದರೂ ಅದರಲ್ಲಿ ಅವರ ಮೂಗು ಇರಲೇಬೇಕು. ಇವತ್ತಂತೂ ಮೂಗಿಗೇ ಕೆಲಸವಿತ್ತು. ಬಾಟಲಿ ಕಸಿದುಕೊಂಡು ಮೂಸಿದರು. ಮಂಡಿನೋವಿಗೆ ಇದಕ್ಕಿಂತ ಮದ್ದಿಲ್ಲ ಎಂದು ಹೇಳಿ ಎರಡು ಹನಿ ಮಂಡಿಗೆ ತಿಕ್ಕಿಕೊಂಡರು. ಉಗ್ರಾಣದವರು ತಮ್ಮ ಹಲ್ಲಿಗೆ ಒಂದು ಹನಿ ಕೇಳಿ ಪಡೆದರು. ಹದಿನಾಲ್ಕು ತಿಂಗಳು ಉಸಿರು ಬಿಗಿಹಿಡಿದು ಕಾಪಾಡಿದ್ದು ಗುಮಾಸ್ತರ ಮಂಡಿ ಸೇರುವುದನ್ನು ಮಾವ ನೋಡುತ್ತ ನಿಂತರು. ಇಡೀ ಕೋಣೆಯಲ್ಲಿ ಅವಳ ವಾಸನೆ ಹರಡಿತ್ತು, ಈಗತಾನೆ ಪಕ್ಕದಲ್ಲಿ ಹಾದುಹೋದಳೇನೋ ಎಂಬಂತೆ.

ಮಿಕ್ಕ ಎಣ್ಣೆಯಲ್ಲಿ ಇನ್ನೂ ಮೂರು ಜಾತಿಯ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷೆ ನಡೆಯಬೇಕೆಂದು ಮೇಡಂ ಹೇಳಿ ಹೋದರು. ಮಧ್ಯಾಹ್ನ ತೊಳೆಯುವ ಸಾಮಾನಿನ ಟ್ರೇ ಬಂದಾಗ ಅದರಲ್ಲಿ ಆ ಬಾಟಲಿಯೂ ಇತ್ತು, ಖಾಲಿ. ಅದನ್ನು ಬೇಯಿಸಿ ಶುದ್ಧ ಮಾಡಬೇಕಾದವರು ಮಾವ.

ಆಗ ಅವರು ಬಾಟಲಿ ಹಿಡಿದುಕೊಂಡು ನೆಟ್ಟಗೆ ಮೇಡಂ ಕೋಣೆಗೆ ಹೋದರು.

“ಇದು ನಮ್ಮನೆಯವಳದ್ದು ಮೇಡಂ. ತೊಳೆಯೋಕೆ ಮನಸ್ಸು ಬರ್ತಿಲ್ಲ.”

ಮೇಡಂ ಹುಡುಗಿಯನ್ನು ಕರೆಸಿದರು; ಅವಳ ಹಿಂದೆಯೇ ಗುಮಾಸ್ತರೂ ಬಂದರು. ಸೂಚನೆಯ ವಿಷಯವನ್ನು ಮೇಡಂ ಎತ್ತಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಅವಳ ನಿಜವಾದ ಹನ್ನೊಂದನೇ ಬಾಟಲಿ ಹುಡುಕಿದಾಗ ಫ್ರಿಜ್ಜಿನ ಹಿಂದಿನ ಸಾಲಿನಲ್ಲೇ ಸಿಕ್ಕಿತು. ಗುಮಾಸ್ತರು ಮಾತ್ರ ಎದೆಗುಂದಲಿಲ್ಲ. ಈ ವಾಸನೆ ತಮಗೆ ಗೊತ್ತು, ಬಸ್‌ಸ್ಟ್ಯಾಂಡ್ ಹಿಂದಿನ ಸಾಬೂನಿನ ಅಂಗಡಿಯಲ್ಲಿ ಸಿಗುತ್ತಿತ್ತು, ತಮ್ಮ ನಾದಿನಿ ಅಲ್ಲಿಂದಲೇ ತರುತ್ತಿದ್ದಳು ಎಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಗುಮಾಸ್ತರ ಮಾತು ಮಾವನಿಗೆ ಸಿಹಿಯಾಗಿ ಕೇಳಿಸಿತು. ಮೇಡಂ ಆಗಲೇ ರಜೆ ಕೊಟ್ಟು, ಎರಡು ಬಾಟಲಿ ಸಿಕ್ಕರೆ ಒಂದು ನಿಮಗೆ, ಒಂದು ನಮಗೆ ಎಂದರು.

ಮಾವ ಓಡಿದರು ಎನ್ನಬೇಕು. ದಾರಿಯುದ್ದಕ್ಕೂ ಲೆಕ್ಕ ಹಾಕಿದರು: ಒಂದು ತುಂಬಿದ ಬಾಟಲಿ ಇದ್ದರೆ ದಿನಕ್ಕೆ ಎರಡು ಸಲ ಮೂಸಬಹುದು. ದಿಂಬಿಗೂ ಒಂದು ಹನಿ ಹಾಕಬಹುದು.

ಅಂಗಡಿಯಾಕೆ ಖಾಲಿ ಬಾಟಲಿ ಮೂಸಿದ ತಕ್ಷಣ ತಲೆಯಾಡಿಸಿದಳು.

“ಮರುಗದ ಎಣ್ಣೆ. ನಮ್ಮಲ್ಲಿಂದೇ ಹೋಗಿರೋದು. ಆದ್ರೆ ಈಗ ಇಲ್ಲಣ್ಣ. ಮಾಡಿಕೊಡ್ತಿದ್ದ ಅಕ್ಕ ಬರೋದೇ ನಿಲ್ಲಿಸ್ಬಿಟ್ರು.”

ಆ ಅಕ್ಕ ಹಿತ್ತಲಲ್ಲಿ ಮರುಗ ಬೆಳೆದು, ಗಂಡ ಕೆಲಸಕ್ಕೆ ಹೋದ ಮೇಲೆ ಕುಕ್ಕರಿನಲ್ಲಿ ಭಟ್ಟಿ ಇಳಿಸುತ್ತಿದ್ದರಂತೆ. ಗಂಡನಿಗೆ ಹೇಳಿರಲಿಲ್ಲವಂತೆ.

“ಯಾಕೆ?” ಎಂದರು ಮಾವ.

“‘ನಮ್ಮನೆಯವರು ಕ್ರಿಮಿ ಆಫೀಸಲ್ಲಿರೋದು, ಗೊತ್ತಾದ್ರೆ ಬಾಟ್ಲಿ ಸಮೇತ ಎತ್ಕೊಂಡ್ಹೋಗಿ ಪರೀಕ್ಷೆ ಮಾಡಿ ಮುಗಿಸ್ಬಿಡ್ತಾರೆ’ ಅಂತ ನಗೋರು.”

ಹೆಂಡತಿ ತೀರಿಕೊಂಡ ಮೇಲೆ ಹಿತ್ತಲಲ್ಲಿ ನೀರಿಲ್ಲದೆ ಒಣಗಿದ್ದ ಕಡ್ಡಿಗಳನ್ನೆಲ್ಲ ಕಳೆಯೆಂದು ಕಿತ್ತು ಬಿಸಾಡಿದ್ದು ಮಾವನೇ.

ಅಂಗಡಿಯಾಕೆ ಗಲ್ಲಾಪೆಟ್ಟಿಗೆ ತೆರೆದು ತಳದಿಂದ ಒಂದು ಚೀಟಿ ತೆಗೆದಳು. ಬೇಕಾದಾಗ ಹೇಳಿಕಳಿಸಿ ಎಂದು ಆಕೆ ಬರೆದುಕೊಟ್ಟ ವಿಳಾಸ. ಮಾವ ಅದನ್ನು ಬಹಳ ಹೊತ್ತು ನೋಡಿದರು. ಬಲಕ್ಕೆ ವಾಲುವ ಅಕ್ಷರ, ಸಾಲಿನ ಕೊನೆಗೆ ಜಾಗ ಸಾಲದೆ ಮೇಲಕ್ಕೆ ಹತ್ತಿದ ಪದ.

“ಈ ಚೀಟಿ ನಾನು ಇಟ್ಕೊಳ್ಳಲಾ?”

“ಕೊಟ್ಟರೆ ನನ್ಹತ್ರ ವಿಳಾಸ ಇರಲ್ವಲ್ಲಣ್ಣ. ಬೇಕಾದ್ರೆ ಬರ್ಕೊಳ್ಳಿ.”

ಅವಳು ಕಾಗದ, ಪೆನ್ನು ಕೊಟ್ಟಳು. ಮಾವ ಅಂಗಡಿಯ ಕಟ್ಟೆಯ ಮೇಲೆ ಬಗ್ಗಿ ತಮ್ಮದೇ ಮನೆಯ ವಿಳಾಸವನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡರು. ಅಂಗಡಿಯಾಕೆ ಎರಡನ್ನೂ ತಾಳೆ ನೋಡಿದಳು.

“ನೀಲಿ ಗೇಟು ಅನ್ನೋದು ಬಿಟ್ಟಿದ್ದೀರಿ. ಆಮೇಲೆ ಮನೆ ಸಿಗಲ್ಲ.”

ಮಾವ ಅದನ್ನೂ ಸೇರಿಸಿದರು.

“ಈಗ್ಲೇ ಹೊರಡಿ. ಸಂಜೆ ಹೊತ್ತು ಅವರು ಎಲ್ಲಿಗೂ ಹೋಗಲ್ಲ, ಯಜಮಾನ್ರು ಬರೋ ಹೊತ್ತು ಅಂತಿದ್ರು. ನಾನು ಕೇಳ್ದೆ ಅಂತ ಹೇಳಿ.”

“ಹೇಳ್ತೀನಿ,” ಎಂದು ಮಾವ ಕಾಗದವನ್ನು ಮಡಿಸಿ ಜೇಬಿಗಿಟ್ಟು, ಬಸ್ಸಿಗೂ ಕಾಯದೆ ಬಿರಬಿರನೆ ಮನೆ ಕಡೆ ನಡೆದರು.