ಅಟ್ಟಕ್ಕೇರಿದ ನನ್ನ ಕಾರು

ಮನೆಯಲ್ಲಿ ಯಾರಿಗೂ ಬೇಡವಾದ ವಸ್ತುವನ್ನು ಎಸೆಯುವ ಮೊದಲು ಕೆಲವು ಕಾಲ ಎತ್ತರದಲ್ಲಿ ಇಡುತ್ತಾರೆ. ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಡಬ್ಬ, ಮೋಟಾರು ಸುಟ್ಟ ಮಿಕ್ಸರ್, ಯಾರೂ ಕಲಿಯದೆ ಬಿಟ್ಟ ಹಾರ್ಮೋನಿಯಂ, ಇವೆಲ್ಲ ನಮ್ಮ ಗದಗಿನ ಮನೆಯಲ್ಲಿ ಹಾಗೆಯೇ ಅಟ್ಟ ಸೇರಿದ್ದವು. ಎಸೆದರೆ ಮನಸ್ಸಿಗೆ ನೋವು, ಮೇಲಿಟ್ಟರೆ ಅದೇನೋ ಸಮಾಧಾನ. ಕೇಳಿದವರಿಗೆ "ಐತಲ್ಲ, ಮ್ಯಾಲೈತಿ" ಎಂದು ಹೇಳಬಹುದು. ಇಳಿಸುವವರು ಮಾತ್ರ ಯಾರೂ ಇರುವುದಿಲ್ಲ. ಇದು ವಸ್ತುಗಳಿಗೆ ಸಂಬಂಧಪಟ್ಟ ವಿಷಯವೆಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. ಈಗ ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗಿನಲ್ಲಿ, ನನ್ನದೇ ಗ್ಯಾರೇಜಿನಲ್ಲಿ, ನಾನೇ ಆರಿಸಿ ತರಿಸಿ ನಿಲ್ಲಿಸಿದ ಕಾರ್ ಲಿಫ್ಟಿನ ಮೇಲೆ ನನ್ನ ಕಾರು ಸೂರಿಗೆ ತಲೆ ತಾಗಿಸಿಕೊಂಡು ಕೂತಿರುವುದನ್ನು ನೋಡುವಾಗ ಆ ತಿಳಿವಳಿಕೆಯ ಬಗ್ಗೆ ಅನುಮಾನ ಬಂದಿದೆ.

ತೊಂದರೆ ಶುರುವಾದದ್ದು ನನ್ನ ಮಗಳು ನೇಹಾಳಿಗೆ ಲೈಸೆನ್ಸ್ ಬಂದ ಮೇಲೆ. ಅವಳಿಗೊಂದು ಹಳೆಯ ಪುಟ್ಟ ಕಾರು ಕೊಡಿಸಿದೆ. ಕೊಡಿಸಬೇಕೆಂದು ಅವಳಿಗಿಂತ ನನಗೇ ಆಸೆಯಿತ್ತು ಎಂದು ನನ್ನ ಹೆಂಡತಿ ಸವಿತಾ ಈಗಲೂ ಹೇಳುತ್ತಾಳೆ, ಇರಲಿ. ಅಲ್ಲಿಗೆ ಮನೆಯಲ್ಲಿ ಕಾರುಗಳು ಮೂರಾದವು, ಜಾಗ ಎರಡೇ. ಒಂದೇ ಕಾರು ಹಿಡಿಯುವ ಗ್ಯಾರೇಜು, ಅದರ ಮುಂದೆ ಒಂದೇ ಕಾರು ಹಿಡಿಯುವ ಗಿಡ್ಡ ಡ್ರೈವ್‌ವೇ. ರಾತ್ರಿ ರಸ್ತೆಯಲ್ಲಿ ಕಾರು ಬಿಡಬಾರದೆಂದು ನಮ್ಮ ಬಡಾವಣೆಯ ಸಂಘದವರ ಕಟ್ಟಪ್ಪಣೆ. ಸವಿತಾ ಆಸ್ಪತ್ರೆಯ ಡಾಕ್ಟರು, ಬೆಳಕು ಹರಿಯುವ ಮೊದಲೇ ಹೊರಡುವವಳು. ಚಳಿಗಾಲದಲ್ಲಿ ಗಾಜಿನ ಮೇಲಿನ ಐಸ್ ಕೆರೆಯುವ ಗೋಳು ಬೇಡವೆಂದು ಅವಳ ದೊಡ್ಡ ಎಸ್‌ಯುವಿಗೆ ಗ್ಯಾರೇಜು, ನನ್ನ ಕಾರಿಗೆ ಡ್ರೈವ್‌ವೇ ಎಂದು ಮೊದಲಿನಿಂದಲೂ ಪದ್ಧತಿಯಿತ್ತು. "ಹುಡುಗೀ ಗಾಡಿ ಮಾರಿಬಿಡ್ರಿ, ಸ್ಕೂಲ್ ಬಸ್ ಮನೀ ಮುಂದ ಬರ್ತದ" ಎಂದಳು ಸವಿತಾ. ಅದು ಎಷ್ಟು ಸರಳವಾದ ಪರಿಹಾರವೆಂದರೆ, ಇಪ್ಪತ್ತು ವರ್ಷ ಎಂಜಿನಿಯರ್ ಕೆಲಸ ಮಾಡಿದ ನನಗೆ ಅದನ್ನು ಒಪ್ಪಲು ನಾಚಿಕೆಯಾಯಿತು. ಜಾಗ ಅಗಲದಲ್ಲಿ ಇಲ್ಲದಿದ್ದರೆ ಎತ್ತರದಲ್ಲಿದೆ ಎಂದು ನಾನು ಘೋಷಿಸಿದೆ. ನಮ್ಮ ಗ್ಯಾರೇಜಿನ ಸೂರು ಸಾಕಷ್ಟು ಎತ್ತರ. ಅಲ್ಲಿಯತನಕ ಅದನ್ನು ಜೇಡಗಳು ಮಾತ್ರ ಬಳಸುತ್ತಿದ್ದವು.

ಆಮೇಲೆ ತಿಂಗಳುಗಟ್ಟಲೆ ನಾನು ಲಿಫ್ಟಿನ ವಿಡಿಯೋಗಳನ್ನು ನೋಡಿದೆ. ಆ ವಿಡಿಯೋಗಳಲ್ಲಿ ಬರುವವರೆಲ್ಲ ಗಡ್ಡದವರು, ಅವರ ಗ್ಯಾರೇಜುಗಳು ನಮ್ಮೂರ ರೈಲ್ವೆ ಸ್ಟೇಷನ್ನಿನಷ್ಟು ದೊಡ್ಡವು, ಮತ್ತು ಅವರ ಹೆಂಡಂದಿರು ಎಲ್ಲಿಯೂ ಕಾಣಿಸುವುದಿಲ್ಲ. ಈ ಮೂರರಲ್ಲಿ ಒಂದಾದರೂ ನನಗೆ ಅನ್ವಯಿಸುತ್ತದೆಯೇ ಎಂದು ನಾನು ಯೋಚಿಸಬೇಕಿತ್ತು. ಬದಲಿಗೆ ನನ್ನ ಗೆಳೆಯ ಇಮ್ತಿಯಾಜ್‌ನನ್ನು ಕರೆದೆ. ಮೈಸೂರಿನವನು, ಗೈದರ್ಸ್‌ಬರ್ಗಿನಲ್ಲಿ ಕೆಲಸ. ಕಾರಿನ ಬಗ್ಗೆ ಮಾತಾಡಲು ಯಾವ ಹೊತ್ತಿಗೆ ಕರೆದರೂ ಬರುವವನು. ಲೇಸರಿನಿಂದ ಅಳೆಯುವ ಯಂತ್ರವೊಂದನ್ನು ಹಿಡಿದುಕೊಂಡು ಬಂದು, ಗ್ಯಾರೇಜಿನ ಗೋಡೆಗಳ ಮೇಲೆಲ್ಲ ಕೆಂಪು ಚುಕ್ಕೆ ಓಡಾಡಿಸಿದ.

"ಪಾಟೀಲ್ ಸರ್, ಕಣ್ಮುಚ್ಕೊಂಡು ಟೂ-ಪೋಸ್ಟ್ ತಗೊಳ್ಳಿ. ಎರಡೇ ಕಂಬ. ಕಾರ್ ಎತ್ತಿದ್ರೆ ಚಕ್ರ ನಾಲ್ಕೂ ಫ್ರೀಯಾಗಿ ನೇತಾಡುತ್ತೆ. ಕೆಳಗೆ ನಿಂತ್ಕೊಂಡು ನೀವೇ ಆಯಿಲ್ ಚೇಂಜ್ ಮಾಡ್ಬಹುದು."

"ನಾನು ಯಾವಾಗ ಆಯಿಲ್ ಚೇಂಜ್ ಮಾಡೇನಿ ಮಾರಾಯಾ?"

"ಮಾಡ್ಬಹುದು ಅಂದೆ ಸರ್. ಆಪ್ಷನ್ ಇರುತ್ತಲ್ಲ."

ಆಪ್ಷನ್ ಎಂಬ ಮಾತಿಗೆ ನಾನು ಸೋಲುವವನೇ. ಆದರೆ ಚಹಾ ತಂದ ಸವಿತಾ ಟೂ-ಪೋಸ್ಟಿನ ಚಿತ್ರ ನೋಡಿ ತಟ್ಟೆಯನ್ನು ಅಲ್ಲೇ ತಡೆದು ಹಿಡಿದಳು. "ಎರಡ ಕಾಲಿನ ಮ್ಯಾಲೆ ನಿಂತಿದ್ದರ ಬುಡಕ ನನ್ನ ಮಗಳು ಗಾಡಿ ತಗೊಂಡು ಹೋಗಬೇಕೇನು?" ಎಂದಳು. ಹೀಗೆ ನಾಲ್ಕು ಕಂಬದ ಲಿಫ್ಟು ನಿಶ್ಚಯವಾಯಿತು. ಎರಡು ಹಲಗೆಗಳ ಮೇಲೆ ಕಾರು ಹತ್ತಿಸುವುದು, ಗುಂಡಿ ಒತ್ತಿದರೆ ಹಲಗೆಗಳೇ ಕಾರು ಹೊತ್ತು ಮೇಲೇರುವುದು, ಮೇಲೆ ಕೊಕ್ಕೆಗಳ ಮೇಲೆ ಕೂರಿಸಿಬಿಟ್ಟರೆ ಮುಗಿಯಿತು. ಕೆಳಗೆ ಇನ್ನೊಂದು ಕಾರು. ಇಮ್ತಿಯಾಜ್ ಸ್ವಲ್ಪ ದಿನ ಮುನಿಸಿಕೊಂಡಿದ್ದು, ಮತ್ತೆ ಲೇಸರು ತಂದ.

ಲಿಫ್ಟು ಒಂದು ಬೆಳಗ್ಗೆ ಲಾರಿಯಲ್ಲಿ ಬಂತು. ಲಾರಿಯವನು ಅದನ್ನು ರಸ್ತೆಯ ಅಂಚಿನಲ್ಲಿ ಇಳಿಸಿ, ಅಂಚಿನವರೆಗೆ ತರುವುದಷ್ಟೇ ತನ್ನ ಕೆಲಸವೆಂದು ಹೇಳಿ ಹೊರಟುಹೋದ. ಮರದ ಚೌಕಟ್ಟಿನೊಳಗಿನ ಆ ಕಬ್ಬಿಣದ ರಾಶಿಯನ್ನು ಎತ್ತಲು ಇನ್ನೊಂದು ಲಿಫ್ಟು ಬೇಕಿತ್ತು. ಗದಗಿನಲ್ಲಾಗಿದ್ದರೆ ಹೋಗಿಬರುವವರೆಲ್ಲ ಕೈ ಹಾಕುತ್ತಿದ್ದರು, ಜೊತೆಗೆ ಬೈಯುತ್ತಿದ್ದರು. ಇಲ್ಲಿ ನಾಯಿ ಅಡ್ಡಾಡಿಸುವವರು ನಿಂತು "ವಾವ್" ಎಂದು ಮುಂದೆ ಹೋದರು. ಕೊನೆಗೆ ಜೋಡಿಸುವ ಕಂಪನಿಯವರೇ ಬಂದು ಸಾಗಿಸಿದರು. ಅದಕ್ಕೊಂದು ಬೇರೆ ಬಿಲ್ಲು. ಗ್ಯಾರೇಜಿನ ಬಾಗಿಲು ಮಡಚಿಕೊಳ್ಳುವ ಹಳಿಗಳು ಅಡ್ಡ ಬರುತ್ತವೆಂದು ಅವುಗಳನ್ನು ಮೇಲೆತ್ತಿಸಬೇಕಾಯಿತು. ಮೋಟಾರಿಗೆಂದು ಎಲೆಕ್ಟ್ರಿಷಿಯನ್ ಬಂದು ಹೊಸ ತಂತಿ ಎಳೆದ. ಒಟ್ಟು ಎಷ್ಟಾಯಿತೆಂದು ಸವಿತಾಳಿಗೆ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಉದ್ಘಾಟನೆಗೆ ಇಮ್ತಿಯಾಜ್ ಮಿಠಾಯಿ ತಂದಿದ್ದ. ಸವಿತಾ ಕುಂಕುಮ ಹಚ್ಚಿ ಕಾಯಿ ಒಡೆದಳು. ನನ್ನ ಕಾರು ಹಲಗೆ ಹತ್ತಿ ನಿಧಾನವಾಗಿ ಮೇಲೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೂರಿಗೆ ಇನ್ನೇನು ತಾಗಬೇಕು ಎನ್ನುವಾಗ ನಿಲ್ಲಿಸಿ, ಕೊಕ್ಕೆಗಳ ಮೇಲೆ ಕೂರಿಸಿದೆ. ನಂತರ ಸವಿತಾ ತನ್ನ ಎಸ್‌ಯುವಿಯನ್ನು ಒಳಗೆ ತಂದಳು. "ಬರ್ಲಿ, ಬರ್ಲಿ" ಎಂದು ನಾನು ಕೈ ಬೀಸುತ್ತಿದ್ದೆ. ಅದರ ನೆತ್ತಿ ಮೇಲಿನ ಹಲಗೆಗೆ ಬಡಿದು ಟಣ್ ಎಂದು ಶಬ್ದವಾಯಿತು. ನಾನು ಸೂರು ಅಳೆದಿದ್ದೆ, ನೆಲ ಅಳೆದಿದ್ದೆ, ಕಾಂಕ್ರೀಟಿನ ದಪ್ಪ ವಿಚಾರಿಸಿದ್ದೆ, ನನ್ನ ಕಾರನ್ನು ಅಳೆದಿದ್ದೆ. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವಳ ಕಾರನ್ನು ಅಳೆದಿರಲಿಲ್ಲ. ಅದು ಕೆಳಗೂ ಹಿಡಿಯುತ್ತಿರಲಿಲ್ಲ, ಮೇಲೂ ಹಿಡಿಯುತ್ತಿರಲಿಲ್ಲ. ಇಮ್ತಿಯಾಜ್ ಲೇಸರು ತೆಗೆದು ಅಂತರ ಅಳೆದು, "ಸ್ವಲ್ಪದ್ರಲ್ಲಿ ತಪ್ಪೋಯ್ತು ಸರ್" ಎಂದ. ಸವಿತಾ ಕಾರನ್ನು ಹಿಂದಕ್ಕೆ ತೆಗೆದು ಡ್ರೈವ್‌ವೇಯಲ್ಲಿ ನಿಲ್ಲಿಸಿದಳು. ಅವಳ ಬೆಚ್ಚಗಿನ ಜಾಗಕ್ಕೆ ನೇಹಾಳ ಪುಟ್ಟ ಕಾರು ಬಂತು.

ಹಾಗಾದರೆ ಮೇಲೆ ನೇಹಾಳ ಕಾರೇ ಇರಲಿ, ಕೆಳಗೆ ನನ್ನದಿರಲಿ ಎಂದೆ. "ಅಪ್ಪಾ, ನಂಗೆ ಎವ್ರಿ ಈವ್ನಿಂಗ್ ವರ್ಕ್ ಇದೆ. ಯು ಡೋಂಟ್ ಗೋ ಎನಿವೇರ್" ಎಂದಳು ನೇಹಾ. ಶಾಲೆಗೆ ಬಸ್ಸಿನಲ್ಲಿ ಹೋದರೂ ಸಂಜೆ ಐಸ್‌ಕ್ರೀಮ್ ಅಂಗಡಿಯ ಕೆಲಸಕ್ಕೆ ಅವಳಿಗೆ ಕಾರು ಬೇಕು. ನಾನೋ, ಕೋವಿಡ್ ಬಂದಾಗಿನಿಂದ ಮನೆಯಿಂದಲೇ ಕೆಲಸ ಮಾಡುವವನು. "ನಿಮ್ಮದ ಮ್ಯಾಲೆ ಇರ್ಲಿ ಬಿಡ್ರಿ" ಎಂದಳು ಸವಿತಾ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾದ ಮಾಡಬಹುದಿತ್ತು. ಆ ಚಳಿಗಾಲದಲ್ಲಿ ಬೆಳಗಿನ ಕತ್ತಲಲ್ಲಿ ಎದ್ದು ಅವಳ ಗಾಜಿನ ಐಸ್ ಕೆರೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅವಳು ಬೇಡವೆನ್ನಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ನನ್ನ ಕೆಲಸ ಹೋಯಿತು. ಪ್ರಾಜೆಕ್ಟ್ ನಿಂತಿತು, ಜನ ಬೇಡವಾದರು. ಹೇಳುವುದಕ್ಕೆ ಅದಕ್ಕಿಂತ ಹೆಚ್ಚೇನೂ ಇಲ್ಲ. ಅಲ್ಲಿಯತನಕ ಕಾರು ಮೇಲಿದೆಯೆಂಬುದು ಒಂದು ಅನನುಕೂಲವಾಗಿತ್ತು, ಅಷ್ಟೇ. ಕೆಲಸ ಹೋದ ಮೇಲೆ ಅದು ಬೇರೆಯೇ ಆಯಿತು. ರಾತ್ರಿ ಎಲ್ಲರೂ ಮನೆ ಸೇರಿದ ಮೇಲೆ, ಎಲ್ಲಾದರೂ ಹೋಗಿ ಬರೋಣ ಅನಿಸುತ್ತಿತ್ತು. ಆದರೆ ನನ್ನ ಕಾರು ಇಳಿಯಬೇಕಾದರೆ ಸವಿತಾಳ ಕಾರು ರಸ್ತೆಗೆ ಹೋಗಬೇಕು, ನೇಹಾಳ ಕಾರು ಅದರ ಹಿಂದೆ ಹೋಗಬೇಕು, ಆಮೇಲೆ ಲಿಫ್ಟನ್ನು ಕೊಕ್ಕೆ ಬಿಡಿಸಲು ಮೊದಲು ಮೇಲೆತ್ತಿ, ಆಮೇಲೆ ಇಳಿಸಬೇಕು. ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಕಾಲು ಚಾಚಿದ ಸವಿತಾ ಕೇಳುತ್ತಿದ್ದಳು.

"ಎಲ್ಲಿಗೆ ಹೊಂಟೀರಿ?"

"ಸುಮ್ನ."

"ಸುಮ್ನ ಅಂದ್ರ?"

ನಿಜವಾಗಿ ಅದು ತಪ್ಪು ಪ್ರಶ್ನೆಯಲ್ಲ. ಎರಡು ಕಾರು ಸರಿಸಬೇಕಾದರೆ ಕಾರಣ ಕೇಳಲೇಬೇಕು. ಹಾಲು ತರಬೇಕು ಎಂದರೆ ಅವಳು ಬರುವಾಗಲೇ ತಂದಿರುತ್ತಿದ್ದಳು. ಮದುವೆಯಾದಾಗಿನಿಂದ ನಾನು ಎಷ್ಟೋ ಸಲ ಸುಮ್ಮನೆ ಹೊರಗೆ ಹೋಗಿದ್ದೇನೆ, ಸುಮ್ಮನೆ ಬಂದಿದ್ದೇನೆ. ಅದೊಂದು ಸೌಲಭ್ಯವೆಂದು ಯಾವತ್ತೂ ಹೊಳೆದಿರಲಿಲ್ಲ. ಒಂದು ರಾತ್ರಿ ತಾಳ್ಮೆ ಕೆಟ್ಟು, "ನನ್ನ ಗಾಡಿ ತಗೊಂಡು ಹೋಗಾಕ ನಾನು ಅರ್ಜಿ ಹಾಕಬೇಕೇನು?" ಎಂದು ಕೂಗಿದೆ. ಸವಿತಾ ಎದ್ದು, ಕೋಟು ಹಾಕಿಕೊಂಡು, ಕೀಲಿಕೈ ತೆಗೆದುಕೊಂಡಳು. ಬಾಗಿಲಲ್ಲಿ ನಿಂತು, "ಬ್ಯಾಡ ಅಂದೆನೇನ್ರಿ? ನೀವು ಒಬ್ಬರ ಎಲ್ಲಿ ಕುಂತು ಅಳಾಕ ಹೋಗ್ತೀರೋ ಅಂತ ಕೇಳಿದೆ" ಎಂದಳು. ಅವತ್ತು ನಾನು ಎಲ್ಲಿಗೂ ಹೋಗಲಿಲ್ಲ. ಅವಳ ಮಾತು ನಿಜವಾಗಿತ್ತು, ಮತ್ತು ಅವಳು ತಿರುಗಿ ಕೂಗಾಡಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಂತೂ ಗೈದರ್ಸ್‌ಬರ್ಗಿನ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಆಫೀಸಿಗೇ ಬರಬೇಕೆಂದಿದ್ದರು. ನಾನು ಹಿಂದಿನ ದಿನವೇ ಕಾರು ಇಳಿಸಿಕೊಳ್ಳಬೇಕೆಂದಿದ್ದೆ, ಆದರೆ ಸವಿತಾ ತಡವಾಗಿ, ಸೋತು ಬಂದದ್ದು ನೋಡಿ, ಬೆಳಗ್ಗೆ ಅವಳು ಹೋದ ಮೇಲೆ ಇಳಿಸಿದರಾಯಿತೆಂದು ಸುಮ್ಮನಾದೆ. ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ, ಟೈ ಹಾಕಿಕೊಂಡು ನೋಡುತ್ತೇನೆ, ನೇಹಾಳ ಕಾರಿನ ಕೀಲಿಕೈ ಗೂಟದಲ್ಲಿಲ್ಲ. ಹಳೆಯ ಕಾರು, ಅದಕ್ಕಿರುವುದು ಒಂದೇ ಕೀಲಿ. ಅದು ಅವಳ ಶಾಲೆಯ ಚೀಲದಲ್ಲಿ ಬಸ್ಸು ಹತ್ತಿ ಹೋಗಿತ್ತು. ತಲೆಯ ಮೇಲೆ ನನ್ನ ಕಾರು, ಕೈಯಲ್ಲಿ ಅದರ ಕೀಲಿ, ಮಧ್ಯದಲ್ಲಿ ಅಲುಗದ ಪುಟ್ಟ ಕಾರು. ಟ್ಯಾಕ್ಸಿ ಕರೆದರೆ ಅದು ಬರುವ ಹೊತ್ತಿಗೆ ಸಂದರ್ಶನ ಮುಗಿದಿರುತ್ತಿತ್ತು. ಇಮ್ತಿಯಾಜ್‌ಗೆ ಫೋನು ಮಾಡಿದೆ. ಅವನು ಮೀಟಿಂಗಿನಲ್ಲಿದ್ದವನು ಎದ್ದು ಬಂದ. ದಾರಿಯುದ್ದಕ್ಕೂ ಒಂದೇ ಮಾತು.

"ನಾನವತ್ತೇ ಹೇಳ್ದೆ ಸರ್. ಟೂ-ಪೋಸ್ಟ್ ತಗೊಂಡಿದ್ರೆ..."

"ಟೂ-ಪೋಸ್ಟ್ ಇದ್ರೂ ಕೆಳಗ ಅದ ಗಾಡಿ ಇರ್ತಿತ್ತಲ್ಲೋ."

"ಇರ್ತಿತ್ತು. ಆದ್ರೂ..." ಎಂದು ಸ್ವಲ್ಪ ಯೋಚಿಸಿ, "ಟೈ ಸರಿ ಮಾಡ್ಕೊಳ್ಳಿ ಸರ್, ಸೊಟ್ಟಗಿದೆ" ಎಂದ. ಸಂದರ್ಶನ ಮುಗಿಯುವತನಕ ಅವನು ಪಾರ್ಕಿಂಗ್ ಲಾಟಿನಲ್ಲಿ ತನ್ನ ಮೀಟಿಂಗನ್ನು ಫೋನಿನಲ್ಲಿ ಮುಂದುವರಿಸುತ್ತಾ ಕಾದಿದ್ದ. ಅವನ ಬಗ್ಗೆ ನಾನು ಇಲ್ಲಿ ಬರೆದ ಕೊಂಕು ಮಾತುಗಳಲ್ಲಿ ಓದುವವರು ಸ್ವಲ್ಪ ಭಾಗ ಕಳೆದುಬಿಡಬೇಕು.

ಕೆಲಸ ಸಿಕ್ಕಿತು. ಸಂಬಳವೂ ಪರವಾಗಿಲ್ಲ. ದಿನಾ ಟೈ ಕಟ್ಟಿ, ಕಾರು ಇಳಿಸಿ, ಹೆದ್ದಾರಿಯ ದಟ್ಟಣೆಯಲ್ಲಿ ಎಲ್ಲರ ಹಾಗೆ ಶಪಿಸುತ್ತಾ ಆಫೀಸಿಗೆ ಹೋಗುವ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಕೆಳಗಿನ ಜಾಗ ಇನ್ನು ನನ್ನದೇ ಎಂದು ನೇಹಾಳಿಗೆ ಗತ್ತಿನಿಂದ ಹೇಳಿಯೂ ಬಿಟ್ಟಿದ್ದೆ. ಮೊದಲ ದಿನ ಮ್ಯಾನೇಜರ್ ಫೋನಿನಲ್ಲಿ ಸಿಹಿಸುದ್ದಿ ಕೊಡುವ ದನಿಯಲ್ಲಿ ಹೇಳಿದಳು: ಕಂಪನಿ ಆ ಕಟ್ಟಡವನ್ನು ಬಿಟ್ಟುಕೊಡುತ್ತಿದೆ, ನಮ್ಮ ತಂಡದವರು ಯಾರೂ ಆಫೀಸಿಗೆ ಬರಬೇಕಾಗಿಲ್ಲ, ಎಲ್ಲ ಮನೆಯಿಂದಲೇ. "ಛಲೋ ಆತು ಬಿಡ್ರಿ, ಗಾಡಿ ಇಳಿಸೋ ಗದ್ಲ ತಪ್ಪಿತು" ಎಂದು ಸವಿತಾ ನಿಜವಾಗಿಯೂ ಖುಷಿಪಟ್ಟಳು.

ಮನೆಯಿಂದ ಎಂದರೆ ಮನೆಯಲ್ಲಿ ಎಲ್ಲಿ? ಸವಿತಾ ಈಗ ವಾರದಲ್ಲಿ ಎರಡು ದಿನ ಮೇಲಿನ ಕೋಣೆಯಿಂದಲೇ ವಿಡಿಯೋದಲ್ಲಿ ರೋಗಿಗಳನ್ನು ನೋಡುತ್ತಾಳೆ. ಪರರ ಕಾಯಿಲೆ ನನ್ನ ಕಿವಿಗೆ ಬೀಳಬಾರದು, ನನ್ನ ಗಂಟಲು ಅವರ ಕಿವಿಗೆ ಬೀಳಬಾರದು. ತೆಳುಗೋಡೆಯ ಮನೆಯಲ್ಲಿ ನಾನು ಎಲ್ಲಿ ಕೂತು ಮಾತಾಡಿದರೂ ಅವಳಿಗೆ ಕೇಳಿಸುತ್ತದೆ. ಹಾಗಾಗಿ ಆ ಎರಡು ದಿನ ನಾನು ಗ್ಯಾರೇಜಿಗೆ ಹೋಗಿ, ಏಣಿ ಇಟ್ಟು, ಮೇಲೆ ಹತ್ತಿ, ಅರ್ಧ ತೆರೆಯುವ ಬಾಗಿಲಿನಿಂದ ಮೈ ಮುದುಡಿಸಿ ನನ್ನ ಕಾರಿನೊಳಗೆ ಕೂರುತ್ತೇನೆ. ತೊಡೆಯ ಮೇಲೆ ಲ್ಯಾಪ್‌ಟಾಪು, ಕುತ್ತಿಗೆಗೆ ಮಫ್ಲರು.

ಮೊನ್ನೆ ತಂಡದವರೆಲ್ಲ ಇದ್ದ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಚಿತ್ರವನ್ನು ಗಮನಿಸಿ ಗಾಬರಿಯಾದಳು. ಸೀಟು ಬೆಲ್ಟು, ಸ್ಟಿಯರಿಂಗು ಕಾಣಿಸಿದ್ದಿರಬೇಕು. ಕಾರು ಓಡಿಸುತ್ತಾ ಮೀಟಿಂಗಿಗೆ ಬರುವುದು ಅಪಾಯ, ದಯವಿಟ್ಟು ಎಲ್ಲಾದರೂ ನಿಲ್ಲಿಸಿ, ನಾವು ಕಾಯುತ್ತೇವೆ ಎಂದಳು. ಆ ಕಾಳಜಿಗೆ ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತು. ಒಂದು ಕ್ಷಣ, ರಸ್ತೆಯ ಬದಿಗೆ ಸರಿಸುವವನ ಹಾಗೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ, ಹ್ಯಾಂಡ್‌ಬ್ರೇಕು ಎಳೆದು, "ನಿಲ್ಲಿಸಿದೆ, ಹೇಳಿ" ಎಂದೆ.